ಬಹುಮಾನ ಕಲಿಸುವುದೇನು?

‘ತೊಂಬತ್ತರ ಮೇಲೆ ತೆಗೆದರೆ ಸೈಕಲ್ ಕೊಡಿಸ್ತೀನಿ’ ಎಂದು ಮಕ್ಕಳಿಗೆ ಆಸೆ ತೋರಿಸದ ಮನೆ ಅಪರೂಪ. ಬಹುಮಾನದ ಆಸೆಗೆ ಮಕ್ಕಳು ಕಲಿಯುತ್ತಾರೆ ಎಂಬ ಈ ನಂಬಿಕೆಗೆ ಮನೋವಿಜ್ಞಾನದ ಬೆಂಬಲವೂ ಉಂಟು. ಹಿತವಾದ ಫಲ ತಂದ ವರ್ತನೆ ಗಟ್ಟಿಯಾಗುತ್ತದೆ ಎಂದು ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು, ಬಿ.ಎಫ್. ಸ್ಕಿನ್ನರ್ ಆ ವಿಚಾರವನ್ನು ಇನ್ನಷ್ಟು ಬೆಳೆಸಿದರು. ಆದರೆ ಬಹುಮಾನ ನಿಂತ ಮೇಲೂ ಮಗು ತಾನಾಗಿ ಪುಸ್ತಕ ಬಿಚ್ಚುತ್ತದೆಯೇ? ಕಲಿಕೆಯನ್ನು ಒರೆಗೆ ಹಚ್ಚುವುದು ಈ ಪ್ರಶ್ನೆಯೇ.

1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಶಿಶುಶಾಲೆಯಲ್ಲಿ ಚಿತ್ರ ಬರೆಯಲು ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದು ಬಣ್ಣದ ಪೆನ್ನುಗಳನ್ನು ಮತ್ತೆ ತರಗತಿಯಲ್ಲಿಟ್ಟಾಗ, ಮೊದಲ ಗುಂಪಿನವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧದಷ್ಟಿತ್ತು. ಬಯಸದೆ ಬಂದ ಪ್ರಶಸ್ತಿ ಅಂಥ ಹಾನಿ ಮಾಡಿರಲಿಲ್ಲ. ಆಸಕ್ತಿಯನ್ನು ಕುಗ್ಗಿಸಿದ್ದು ಮೊದಲೇ ಕುದುರಿಸಿದ ಒಪ್ಪಂದ. ಖುಷಿಗೆ ಮಾಡುತ್ತಿದ್ದ ಕೆಲಸ ಆ ಒಪ್ಪಂದದಿಂದ ಕೂಲಿಯ ಕೆಲಸವಾಯಿತು.

ಹಾಗೆಂದು ಬಹುಮಾನವೇ ಕೆಟ್ಟದ್ದೆನ್ನಲಾಗದು. 1994ರಲ್ಲಿ ಜೂಡಿ ಕ್ಯಾಮರನ್ ಮತ್ತು ಡೇವಿಡ್ ಪಿಯರ್ಸ್ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಬಹುಮಾನ ಆಸಕ್ತಿಯನ್ನು ಕುಗ್ಗಿಸುತ್ತದೆ ಎಂಬ ಭಯ ಅತಿಯಾದದ್ದು ಎಂದು ವಾದಿಸಿದರು. ಮತ್ತೊಂದೆಡೆ, 1999ರಲ್ಲಿ ಎಡ್ವರ್ಡ್ ಡೆಸಿ, ರಿಚರ್ಡ್ ಕೋಸ್ಟ್ನರ್, ರಿಚರ್ಡ್ ರಯಾನ್ 128 ಅಧ್ಯಯನಗಳನ್ನು ಜಾಲಾಡಿದರು. ಷರತ್ತು ಹಾಕಿ ಕೊಡುವ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ಕುಂದಿಸುತ್ತದೆ, ಅದರ ಪೆಟ್ಟು ಕಾಲೇಜು ವಿದ್ಯಾರ್ಥಿಗಳಿಗಿಂತ ಮಕ್ಕಳಿಗೇ ಹೆಚ್ಚು ಎಂಬುದು ಅವರು ಕಂಡ ಉತ್ತರ. ಆದರೆ ಕುಂದಲು ಮೊದಲು ಆಸಕ್ತಿ ಇರಬೇಕಷ್ಟೆ. ಮಗ್ಗಿ ಬಾಯಿಪಾಠದಂಥ ಬೇಸರದ ಕೆಲಸಕ್ಕೆ ಮಗುವನ್ನು ಕೂರಿಸಲು ಸಣ್ಣದೊಂದು ಆಸೆ ತೋರಿಸಿದರೆ ದೊಡ್ಡ ನಷ್ಟವೇನಿಲ್ಲ.

ಡೆಸಿ ಮತ್ತು ರಯಾನ್ ಪ್ರಕಾರ ಮನುಷ್ಯನ ಒಳಗಿನ ಪ್ರೇರಣೆಗೆ ಮೂರು ಆಧಾರಗಳಿವೆ: ಇದು ನನ್ನ ಆಯ್ಕೆ ಎಂಬ ಭಾವ, ನನ್ನಿಂದಾಗುತ್ತದೆ ಎಂಬ ಭರವಸೆ, ನನ್ನವರು ಜೊತೆಗಿದ್ದಾರೆ ಎಂಬ ನೆಮ್ಮದಿ. ಸೈಕಲ್ಲಿನ ಷರತ್ತು ಮೊದಲನೆಯದನ್ನು ಕಸಿಯುತ್ತದೆ. ಅಂಕ ಕಡಿಮೆ ಬಂದ ದಿನ ಉಳಿದೆರಡೂ ಅಲುಗಾಡುತ್ತವೆ. ಅದರ ಬದಲು ‘ಈ ಲೆಕ್ಕವನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದೀಯಲ್ಲ, ಹೇಗೆ ಹೊಳೆಯಿತು?’ ಎಂಬ ಪ್ರಶ್ನೆ ಮೂರನ್ನೂ ಪೋಷಿಸುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದವರಿಗೆ ನಾವು ಹಾರ ಹಾಕುತ್ತೇವೆ; ಹಾಕೋಣ. ಆದರೆ ಮಗು ಏನನ್ನು, ಯಾಕೆ ಇಷ್ಟಪಟ್ಟು ಓದಿತು ಎಂದು ಕೇಳುವ ವ್ಯವಧಾನ ಅಪ್ಪ ಅಮ್ಮಂದಿರಿಗೂ ಮೇಷ್ಟ್ರುಗಳಿಗೂ ಬರಬೇಕು. ಪರೀಕ್ಷೆ ಮುಗಿದ ಮೇಲೂ ಮಗುವನ್ನು ಓದಿಸಬಲ್ಲದ್ದು ಆ ಇಷ್ಟವೊಂದೇ.