ಮಿಲ್ಲಿನ ಮಾಡಿನಡಿ ಬಿಯರ್: ಹೊಸ ವ್ಯಾಪಾರಕ್ಕೆ ಹಳೆ ಲೆಕ್ಕ

ಮುಂಬಯಿ: ಒಂದು ಕಾಲದಲ್ಲಿ ಲೋವರ್ ಪರೇಲ್‌ನ ಚಾಳುಗಳು ಮಿಲ್ಲಿನ ಭೋಂಗಾ ಕೇಳಿ ಎಚ್ಚರಗೊಳ್ಳುತ್ತಿದ್ದವು. ಇಂದು ಅದೇ ಮಿಲ್ಲುಗಳ ಆವರಣ ಎಚ್ಚರಗೊಳ್ಳುವುದು ಸಂಜೆ ಏಳರ ನಂತರ. ಮಗ್ಗಗಳಿದ್ದಲ್ಲಿ ಮೇಜುಗಳು ಬಂದಿವೆ, ಗಾಜಿನ ಗೋಡೆಯ ಹಿಂದೆ ಸ್ಟೀಲ್ ಟ್ಯಾಂಕ್‌ಗಳು ಹೊಳೆಯುತ್ತಿವೆ.

ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಪದ್ಧತಿ ಪುಣೆಯಲ್ಲಿ 2009ರಲ್ಲೇ ದೂಲಾಲಿಯಿಂದ ಕಾಲೂರಿತ್ತು. 2013ರಲ್ಲಿ ಮಥುರಾದಾಸ್ ಮಿಲ್ ಕಂಪೌಂಡಿನಲ್ಲಿ ತಯಾರಿಕೆ ಆರಂಭಿಸಿದ ಬಾರ್ಕಿಂಗ್ ಡೀರ್ ಮುಂಬಯಿಯ ಮೊದಲ ಬ್ರೂಪಬ್‌ಗಳಲ್ಲಿ ಒಂದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿದ ರಸವನ್ನು ಹಾಪ್ಸ್ ಹೂವಿನೊಂದಿಗೆ ಗಂಟೆಯಷ್ಟು ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಹುಳಿಬರಿಸಿದರೆ ಬಿಯರ್. ಸೈಡರ್‌ಗೆ ಕುದಿಸುವ ರಗಳೆಯೂ ಇಲ್ಲ, ಸೇಬಿನ ರಸ ಮತ್ತು ಯೀಸ್ಟ್ ಸಾಕು. ಇದಕ್ಕೆ ಮಿಲ್ಲಿನ ಕಟ್ಟಡ ಹೇಳಿ ಮಾಡಿಸಿದಂತಿದೆ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ಒಂದು ಟನ್ ಭಾರ. ಯಂತ್ರಗಳನ್ನು ಹೊರಲೆಂದೇ ಕಟ್ಟಿದ ನೆಲಕ್ಕೆ ಇದೇನೂ ದೊಡ್ಡದಲ್ಲ. ಎತ್ತರದ ಮಾಡು ಹಬೆಯನ್ನೂ ಸೆಕೆಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ.

ಹಳೆಯ ಗೋಡೆ ಉಳಿಯಿತಲ್ಲ ಎಂದು ಸಂತೋಷಪಡುವವರು ಹಿಂದಿನ ಲೆಕ್ಕವನ್ನೂ ನೋಡಬೇಕಾಗುತ್ತದೆ. 1982ರ ಜನವರಿಯಲ್ಲಿ ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರಕ್ಕಿಳಿದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಬಹಳಷ್ಟು ಮಂದಿಗೆ ಮತ್ತೆ ಕೆಲಸ ಸಿಗಲಿಲ್ಲ. 1991ರ ನಿಯಮದ ಪ್ರಕಾರ ಮಿಲ್ಲಿನ ಜಮೀನು ಮೂರು ಪಾಲಾಗಬೇಕಿತ್ತು: ಒಂದು ಪಾಲಿಕೆಯ ಬಯಲಿಗೆ, ಒಂದು ಮ್ಹಾಡಾದ ಮನೆಗಳಿಗೆ, ಒಂದು ಮಾಲಕರಿಗೆ. 2001ರ ತಿದ್ದುಪಡಿ ಈ ಪಾಲನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂರರಲ್ಲೊಂದು ಎಂಬುದು ಕಾಗದದಲ್ಲಿ ಹಾಗೆಯೇ ಉಳಿದು, ಯಾವುದರ ಮೂರರಲ್ಲೊಂದು ಎಂಬುದು ಮಾತ್ರ ಬದಲಾಯಿತು. 2012ರಲ್ಲಿ ಮ್ಹಾಡಾ ಕಾರ್ಮಿಕರಿಗಾಗಿ 6,925 ಮನೆಗಳ ಲಾಟರಿ ಎತ್ತಿದಾಗ ಕಾದಿದ್ದವರ ಸಂಖ್ಯೆ ಲಕ್ಷ ಮೀರಿತ್ತು.

ಇನ್ನೊಂದು ಲೆಕ್ಕ ಜೀವದ್ದು. 2017ರ ಡಿಸೆಂಬರ್ 29ರ ನಸುಕಿಗೆ ಮುನ್ನ ಕಮಲಾ ಮಿಲ್ಸ್ ಆವರಣದಲ್ಲಿ ಹೊತ್ತಿದ ಬೆಂಕಿಗೆ 14 ಮಂದಿ ಬಲಿಯಾದರು, ಅವರಲ್ಲಿ 11 ಮಂದಿ ಮಹಿಳೆಯರು. ಸುಟ್ಟದ್ದು ಹಳೆಯ ನೂಲಿನ ಶೆಡ್ ಅಲ್ಲ, ಬ್ರೂವರಿಯೂ ಅಲ್ಲ. ವಾಣಿಜ್ಯ ಕಟ್ಟಡವೊಂದರ ಮೇಲಂತಸ್ತಿನ ಎರಡು ಪಬ್‌ಗಳು. ಹುಕ್ಕಾದ ಕೆಂಡದ ಕಿಡಿ ಪರದೆಗೆ ತಗಲಿತೆಂದು ಅಗ್ನಿಶಾಮಕ ದಳದ ತನಿಖೆ ಹೇಳಿತು. ಹೆಚ್ಚಿನವರು ಸತ್ತದ್ದು ಸುಟ್ಟಲ್ಲ, ಶೌಚಾಲಯದ ಬಳಿ ಆಶ್ರಯ ಹುಡುಕಿ ಉಸಿರುಗಟ್ಟಿ. ಮರುದಿನ ಪಾಲಿಕೆಯ ಬುಲ್‌ಡೋಜರ್‌ಗಳು ನೂರಾರು ಕಡೆ ಅಕ್ರಮ ಭಾಗಗಳನ್ನು ಕೆಡವಿದವು. ಒಂದೇ ದಿನದಲ್ಲಿ ಅಷ್ಟೊಂದು ಕಡೆ ಕೆಡವಲು ಸಾಧ್ಯವಾಯಿತು ಎಂದರೆ ಅಷ್ಟೂ ಕಡೆ ಏನಿದೆಯೆಂದು ಮೊದಲೇ ಗೊತ್ತಿತ್ತು ಎಂದೇ ಅಲ್ಲವೇ?

ಹೊಟೇಲು ಉದ್ಯಮದಲ್ಲಿ ತಲೆಮಾರುಗಳನ್ನು ಕಳೆದ ಮುಂಬಯಿಯ ತುಳು-ಕನ್ನಡಿಗರಿಗೆ ಲೈಸನ್ಸ್ ಎಂದರೇನೆಂದು ಹೇಳಬೇಕಾಗಿಲ್ಲ. ಗಲ್ಲಿಯ ಇಡ್ಲಿ ಹೊಟೇಲಿನ ಗ್ಯಾಸ್ ಸಿಲಿಂಡರ್ ಒಂದಡಿ ಆಚೀಚೆಯಾದರೂ ನೋಟೀಸು ಬರುತ್ತದೆ. ಕಂಪೌಂಡಿನೊಳಗೆ ಹತ್ತಾರು ಬಾಡಿಗೆದಾರರಿದ್ದಾಗ ಮಾತ್ರ ಹೊಣೆ ಜಾರುತ್ತದೆ. ಬಾಡಿಗೆದಾರ ಮಾಲಕನತ್ತ, ಮಾಲಕ ಪಾಲಿಕೆಯತ್ತ ಬೊಟ್ಟು ಮಾಡುತ್ತಾನೆ. ಬ್ರೂವರಿಗೆ ಅಬಕಾರಿಯ ಪರವಾನಿಗೆಯೂ ಬೇಕು, ಅಲ್ಲಿ ಲೀಟರಿನ ಲೆಕ್ಕ ಕಟ್ಟುನಿಟ್ಟು. ಆದರೆ ಹುಳಿಬರುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯಲ್ಲಿ ಟ್ಯಾಂಕ್ ಇಟ್ಟರೆ ಗಾಳಿ ಹೊರಹಾಕುವ ವ್ಯವಸ್ಥೆ ಬೇಕೇ ಬೇಕು. ಕಲಾಯಿ ಹಾಕಿದ ಮಾತ್ರಕ್ಕೆ ಪಾತ್ರೆಯ ತೂತು ಮುಚ್ಚುವುದಿಲ್ಲ.

ಬಟ್ಟೆಯ ಮಿಲ್ಲಿಗೆ ಕಟ್ಟಿದ ಬಾಗಿಲುಗಳು ಪಾಳಿ ಮುಗಿಸಿ ಶಿಸ್ತಿನಿಂದ ಹೊರಡುವ, ದಾರಿ ಬಲ್ಲ ಕಾರ್ಮಿಕರಿಗಾಗಿದ್ದವು. ಈಗ ಒಳಗಿರುವವರು ಮೊದಲ ಬಾರಿ ಬಂದವರು. ಮಂದ ಬೆಳಕು, ಜೋರು ಸಂಗೀತ, ಕೈಯಲ್ಲಿ ಗ್ಲಾಸು. ವರ್ಷಾಂತ್ಯಕ್ಕೆ ಇಂಥಲ್ಲಿ ಟೇಬಲ್ ಕಾದಿರಿಸುವ ಸಂಘದ ಯುವ ವಿಭಾಗದವರು ಎರಡನೇ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕುತ್ತೀರಾ ಎಂದು ಮೊದಲೇ ಕೇಳಿಕೊಂಡರೆ ಒಳ್ಳೆಯ ಮ್ಯಾನೇಜರ್ ಯಾರೂ ಬೇಸರಿಸಲಿಕ್ಕಿಲ್ಲ.