ಅರದ ಪುಡಿಯೂ ಅಮಾನತ್ತೇ

ಮಗ ಪಿಯುಸಿಯಲ್ಲಿ ನಪಾಸಾದರೆ ಕೆಲವು ಮನೆಗಳಲ್ಲಿ ಒಂದು ಮಾತು ಬರುತ್ತದೆ: "ಚಿನ್ನದ ಕೆಲಸಕ್ಕೆ ಹಾಕೋಣ, ನಾಲ್ಕು ವರ್ಷದಲ್ಲಿ ಸ್ವಂತ ಕಾರ್ಖಾನೆ ಇಡುತ್ತಾನೆ." ಚಾಮರಾಜಪೇಟೆಯವರಿಗೆ ದಾರಿಯೂ ದೂರವಿಲ್ಲ. ಮಾರ್ಕೆಟ್ ದಾಟಿದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆ, ನಗರ್ತಪೇಟೆ. ಗಾಂಧಿ ಬಜಾರ್, ಮಲ್ಲೇಶ್ವರದ ಅಂಗಡಿಗಳಲ್ಲಿ ನಾವು ಆಸೆಯಿಂದ ನೋಡುವ ಎಷ್ಟೋ ಒಡವೆಗಳು ರೂಪ ಪಡೆಯುವುದು ಈ ಪೇಟೆಗಳ ಮಹಡಿ ಕೋಣೆಗಳಲ್ಲಿ. ಅಲ್ಲಿ ನಮ್ಮ ಅಕ್ಕಸಾಲಿಗರ ಜೊತೆ ಪಶ್ಚಿಮ ಬಂಗಾಳದಿಂದ ಬಂದ ಕುಶಲಕರ್ಮಿಗಳೂ ಬಹಳ.

ಮಗನನ್ನು ಕಳುಹಿಸುವುದು ಒಳ್ಳೆಯದೇ. ಆದರೆ ಅವನು ಕಲಿಯಬೇಕಾದ್ದು ಬರೀ ಕೈಕೆಲಸವಲ್ಲ. ಮೂಸೆಯಲ್ಲಿ ಕರಗಿಸುವುದು, ತಂತಿ ಎಳೆಯುವುದು, ಬಿಳಿಗಾರ ಹಚ್ಚಿ ಬೆಸೆಯುವುದು, ಅರ ಹಾಕಿ ನುಣುಪು ಮಾಡುವುದು - ಇದು ಕೂತು ಕಲಿತರೆ ಬರುತ್ತದೆ. ಕಷ್ಟವಾದದ್ದು ತೂಕದ ಲೆಕ್ಕ. ಅಂಗಡಿಯವರು 50 ಗ್ರಾಂ ಚಿನ್ನ ಕೊಟ್ಟು ಶೇಕಡಾ 3ರಷ್ಟು ಸವಕಳಿ ಒಪ್ಪಿದ್ದಾರೆ ಎಂದುಕೊಳ್ಳಿ. ಅಂದರೆ ಒಂದೂವರೆ ಗ್ರಾಂ. ಹುಡುಗನ ಕೈಯಲ್ಲಿ ಎರಡು ಗ್ರಾಂ ಹೋದರೆ ಅರ್ಧ ಗ್ರಾಂ ಅವನೇ ತುಂಬಬೇಕು. 2025ರಲ್ಲಿ ಶುದ್ಧ ಚಿನ್ನದ ಬೆಲೆ ಗ್ರಾಮಿಗೆ 10 ಸಾವಿರ ರೂಪಾಯಿ ದಾಟಿತು. ಅರ್ಧ ಗ್ರಾಂ ಎಂದರೆ ಎಷ್ಟು ದಿನದ ಕೂಲಿ ಎಂದು ನೀವೇ ಎಣಿಸಿ. ಅದಕ್ಕೇ ಅವರು ಅರದ ಪುಡಿಯನ್ನು ಕುಂಚದಿಂದ ಬಳಿದಿಡುತ್ತಾರೆ, ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಹೀಗೆ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವವನಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರೇ ಇತ್ತು.

ಆ ಪುಡಿ ಯಾರದು? ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದು ಕೆಲಸಗಾರನದು, ಉಳಿದದ್ದೆಲ್ಲ ಅಮಾನತ್ತು. 22 ಕ್ಯಾರೆಟ್ ಎಂದರೆ 12 ಪಾಲಿನಲ್ಲಿ 11 ಪಾಲು ಚಿನ್ನ; ತಾಮ್ರ ತುಸು ಹೆಚ್ಚಾದರೆ ಕೊಳ್ಳುವ ಹೆಣ್ಣುಮಗಳ ಕಣ್ಣಿಗೆ ಕಾಣುವುದಿಲ್ಲ. ಮಗಳ ನಿಕಾಹ್‌ಗೆಂದು ವರ್ಷಗಟ್ಟಲೆ ಕೂಡಿಟ್ಟು ಲಚ್ಚಾ ಮಾಡಿಸಿದ ತಾಯಿಗೆ ಮೋಸ ಗೊತ್ತಾಗುವುದು, ಕಷ್ಟಕಾಲದಲ್ಲಿ ಅದನ್ನು ಮಾರಲು ಹೋದಾಗ!

ಇನ್ನು, ನಾವೇ ಹಿಂದೆ "ಕೆಡಿಎಂ ಇದೆಯಾ?" ಎಂದು ಕೇಳಿ ಕೊಳ್ಳುತ್ತಿದ್ದೆವಲ್ಲ, ಆ ಹೆಸರು ಬಂದದ್ದು ಕ್ಯಾಡ್ಮಿಯಂನಿಂದ. ತಾಮ್ರ, ಬೆಳ್ಳಿ ಬೆರೆತ ಹಳೆಯ ಬೆಸುಗೆಯಿಂದ ಒಡವೆಯ ಶುದ್ಧತೆ ಇಳಿಯುತ್ತಿತ್ತು; ಕ್ಯಾಡ್ಮಿಯಂ ಬಂದ ಮೇಲೆ ಶುದ್ಧತೆ ಉಳಿಯಿತು. ಆದರೆ ಬೆಸೆಯುವಾಗ ಏಳುವ ಅದರ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ನಮ್ಮ ಕೊರಳಿಗೆ ಶುದ್ಧ ಒಡವೆ, ಯಾರದೋ ಮಗನ ಎದೆಗೆ ವಿಷ. ಮಗನನ್ನು ಸೇರಿಸುವ ಮುನ್ನ ಮನೆಯವರು ಯಾರಾದರೂ ಹೋಗಿ ಆ ಕೋಣೆಗೆ ಕಿಟಕಿ ಇದೆಯೇ, ಹೊಗೆ ಎಳೆಯುವ ಫ್ಯಾನ್ ಇದೆಯೇ, ಆಸಿಡ್ ಎಲ್ಲಿಟ್ಟಿದ್ದಾರೆ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಹುಡುಗರು ಮಲಗುತ್ತಾರೆಯೇ ಎಂದು ನೋಡಿ ಬರಲಿ. ಸಂಬಳದ ಮಾತು ಆಮೇಲೆ.

ಕೆಲಸ ಕಲಿತು ಸ್ವಂತಕ್ಕೆ ಕೂರುವಾಗ ಬೆಳ್ಳಿ ಮತ್ತು ರಿಪೇರಿಯಿಂದ ಶುರು ಮಾಡುವುದು ಕ್ಷೇಮ. ಬೆಳ್ಳಿಯಲ್ಲಿ ಕೈ ತಪ್ಪಿದರೂ ಮನೆ ಮುಳುಗುವುದಿಲ್ಲ. ಚಿನ್ನದ ಒಡವೆಗೆ ಆರು ಅಂಕಿ-ಅಕ್ಷರಗಳ ಗುರುತುಸಂಖ್ಯೆಯ ಹಾಲ್‌ಮಾರ್ಕ್ 2021ರ ಜುಲೈಯಲ್ಲಿ ಬಂತು. 2023ರ ಏಪ್ರಿಲ್‌ನಿಂದ, ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಈ ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ತಾನು ಮಾರದೆ ಅಂಗಡಿಯವರಿಗೆ ಕೂಲಿಗೆ ಮಾಡಿಕೊಡುವವನು ಹಾಲ್‌ಮಾರ್ಕ್ ನೋಂದಣಿ ಮಾಡಿಸಬೇಕಾಗಿಲ್ಲ, ಆದರೆ ಅವನ ಒಡವೆ ಪರೀಕ್ಷೆಯಲ್ಲಿ ಸೋತರೆ ಮರುದಿನ ಕೆಲಸ ಕೊಡುವವರಿರುವುದಿಲ್ಲ.

ಬಂಡವಾಳಕ್ಕೆ ಬಡ್ಡಿಯ ಸಾಲ ಬೇಡವೆನ್ನುವ ಮನೆಗಳು ನಮ್ಮಲ್ಲಿ ಹಲವು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು. ಅದರಲ್ಲಿ ಶೇಕಡಾ 5ರ ಬಡ್ಡಿಯ ಸಾಲವಿದೆ. ಅದನ್ನು ಬಿಟ್ಟರೂ ದಿನಕ್ಕೆ 500 ರೂಪಾಯಿ ಭತ್ಯೆಯ ತರಬೇತಿ ಮತ್ತು ಉಪಕರಣಕ್ಕೆ 15 ಸಾವಿರ ರೂಪಾಯಿವರೆಗಿನ ನೆರವು ಇದೆ. ವಯಸ್ಸು 18 ತುಂಬಿರಬೇಕು, ಕಸುಬು ಮಾಡುತ್ತಿರಬೇಕು, ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಕಾರ್ಖಾನೆಗೆ ಮೊದಲು ಬೇಕಾದವು ಒಳ್ಳೆಯ ತಕ್ಕಡಿ ಮತ್ತು ಒಂದು ದಪ್ಪ ನೋಟ್‌ಬುಕ್. ಚಿನ್ನ ಬಂದಾಗ ಕೊಟ್ಟವರ ಎದುರೇ ತೂಗಿ, ತೂಕ, ಶುದ್ಧತೆ, ಒಪ್ಪಿದ ಸವಕಳಿ ಬರೆದು ಇಬ್ಬರೂ ಸಹಿ ಹಾಕಬೇಕು, ಕೊಟ್ಟವರು ಸ್ವಂತ ಮಾಮನೇ ಆಗಿದ್ದರೂ. ಲೆಕ್ಕ ಬರೆಯುವ ಕೆಲಸವನ್ನು ಮನೆಯಲ್ಲಿ ಓದಿದ ತಂಗಿಯೋ ಸೊಸೆಯೋ ವಹಿಸಿಕೊಳ್ಳಬಹುದು.