ಪಥ್ಯಗಳ ಹೆಸರು ಬೇರೆ, ಲೆಕ್ಕ ಒಂದೇ



ಒಬ್ಬರು ಅನ್ನ, ಚಪಾತಿ ಬಿಟ್ಟು ಮಾಂಸ, ಮೊಟ್ಟೆ, ತುಪ್ಪದ ಕೀಟೋ ಪಥ್ಯ ಹಿಡಿದಿದ್ದಾರೆ. ಇನ್ನೊಬ್ಬರು ದಿನಕ್ಕೆ 16 ಗಂಟೆ ಏನನ್ನೂ ತಿನ್ನುವುದಿಲ್ಲ. ಮತ್ತೊಬ್ಬರು ಎಣ್ಣೆಯನ್ನೇ ಮುಟ್ಟುವುದಿಲ್ಲ. ತಮ್ಮ ವಿಧಾನದಲ್ಲೇ ಗುಟ್ಟು ಅಡಗಿದೆ ಎಂದು ಪ್ರತಿಯೊಬ್ಬರ ನಂಬಿಕೆ. ನಿಜಕ್ಕೂ ಇವುಗಳಲ್ಲಿ ಕಡಿಮೆ ತಿನ್ನುವುದಕ್ಕಿಂತ ಮಿಗಿಲಾದುದು ಏನಾದರೂ ಇದೆಯೇ?

ಆಹಾರದ ಶಕ್ತಿಯನ್ನು ಕ್ಯಾಲರಿಯಲ್ಲಿ ಅಳೆಯುತ್ತಾರೆ. ದೇಹ ಖರ್ಚು ಮಾಡುವುದಕ್ಕಿಂತ ಹೆಚ್ಚು ಒಳಗೆ ಹೋದರೆ ಅದು ಕೊಬ್ಬಾಗಿ ಕೂಡುತ್ತದೆ, ಕಡಿಮೆ ಹೋದರೆ ಕೂಡಿಟ್ಟದ್ದು ಕರಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪು ಕೊಬ್ಬಿನ ಪದಾರ್ಥ ಕಡಿಮೆ ಮಾಡಿತು, ಇನ್ನೊಂದು ಗುಂಪು ಪಿಷ್ಟ, ಸಕ್ಕರೆ ಕಡಿಮೆ ಮಾಡಿತು. ವರ್ಷದ ಕೊನೆಗೆ ಮೊದಲಿನವರ ತೂಕ ಸರಾಸರಿ 5.3 ಕಿಲೋ, ಎರಡನೆಯವರದು 6 ಕಿಲೋ ಇಳಿದಿತ್ತು. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. 2022ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೂ ಹಾಗೆಯೇ ಹೇಳಿತು. ಒಂದೇ ಕ್ಯಾಲರಿ ಮಿತಿ ಹಾಕಿದಾಗ, ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂದವರಿಗೂ ಹೊತ್ತಿನ ನಿರ್ಬಂಧವಿಲ್ಲದೆ ತಿಂದವರಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ.

ಅನ್ನ ಬಿಟ್ಟ ಮೊದಲ ವಾರ ತೂಕ ಬೇಗ ಇಳಿಯುವುದು ನಿಜ. ಆದರೆ ಅದರಲ್ಲಿ ಹೆಚ್ಚಿನದು ನೀರು. ಅನ್ನ ಮರಳಿದೊಡನೆ ನೀರೂ ಮರಳುತ್ತದೆ.

ನಮ್ಮ ರಮಝಾನನ್ನೇ ನೋಡಿ. ಹಗಲಿಡೀ ಉಪವಾಸವಿದ್ದೂ ಈದ್‌ನ ಹೊತ್ತಿಗೆ ತೂಕ ಹೆಚ್ಚಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಹಗಲು ಬಿಟ್ಟದ್ದನ್ನು ಇಫ್ತಾರ್‌ನ ಸಮೋಸ, ಶರಬತ್ತು, ತರಾವೀಹ್ ಬಳಿಕದ ಊಟ ತುಂಬಿಸಿಬಿಡುತ್ತವೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲರಿ ಇದೆ. ಉಪವಾಸದ ಉದ್ದೇಶ ತಕ್ವಾ, ತೂಕ ಇಳಿಸುವುದಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ವಿಧಾನಗಳೆಲ್ಲ ವ್ಯರ್ಥವೇ? ಅಲ್ಲ. ಏನು ತಿನ್ನುತ್ತೇವೆ ಎಂಬುದು ಎಷ್ಟು ತಿನ್ನುತ್ತೇವೆ ಎಂಬುದನ್ನು ಬದಲಿಸುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಮಂದಿಗೆ ಬೇಕಾದಷ್ಟು ತಿನ್ನಲು ಬಿಟ್ಟು ನೋಡಿದರು. ಕಾರ್ಖಾನೆಯ ಸಿದ್ಧ ತಿನಿಸು ಕೊಟ್ಟ ಎರಡು ವಾರ ಅವರು ಸಾದಾ ಆಹಾರದ ದಿನಗಳಿಗಿಂತ ನಿತ್ಯ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಹಸಿವನ್ನು ಅಂಕೆಯಲ್ಲಿಡುವ ಕ್ರಮ ಒಳ್ಳೆಯದೇ. ಆದರೆ ಅದು ವರ್ಷಗಟ್ಟಲೆ ನಡೆಯುವಂಥದ್ದಾಗಿರಬೇಕು.

ಇನ್ನೊಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ಒಮ್ಮೆಗೇ ಕಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವ ಪಥ್ಯಕ್ಕೂ ಇಳಿಯಬಾರದು. ಕಡ್ಡಾಯ ಉಪವಾಸದಲ್ಲೇ ರೋಗಿಗೆ ರಿಯಾಯಿತಿ ಕೊಟ್ಟ ಧರ್ಮ ನಮ್ಮದು. ಹಾಗಿರುವಾಗ ನೆರೆಮನೆಯವರ ಮಾತು ಕೇಳಿ, ಮೊಬೈಲ್‌ನಲ್ಲಿ ಬಂದ ವಿಡಿಯೋ ನೋಡಿ ಹಸಿದಿರಬೇಕೆಂದು ರೋಗಿಯನ್ನು ಒತ್ತಾಯಿಸಲು ನಾವು ಯಾರು? ದೇಹ ಅಲ್ಲಾಹನು ಕೊಟ್ಟ ಅಮಾನತ್.

ಹೊಟ್ಟೆಯಲ್ಲಿ ಆಹಾರ, ನೀರು, ಉಸಿರು ಮೂರಕ್ಕೂ ಪಾಲಿರಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಕಂಠಪಾಠ ಮಾಡುತ್ತಾರೆ. ಅದನ್ನು ಊಟಕ್ಕೆ ಕುಳಿತಾಗ ಪಾಲಿಸೋಣ. ಇಂದು ರಾತ್ರಿ ಎರಡನೇ ಬಾರಿ ಬಡಿಸಿಕೊಳ್ಳುವ ಮುನ್ನ ಸ್ವಲ್ಪ ಹೊತ್ತು ಕಾಯಿರಿ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು ಹಾಳಾಗುತ್ತದೆಂದು ತಾಯಿ ತಿನ್ನುವ ಬದಲು, ಮೊದಲೇ ಸ್ವಲ್ಪ ಬಡಿಸಿ.